ಗುರಿ ಮುಟ್ಟಿದರೂ ಆಸ್ಟ್ರೇಲಿಯಾವನ್ನು ಯಾಕೆ ಬೈಯುತ್ತಾರೆ?

ಭೂಮಿಯನ್ನು ಬಿಸಿ ಮಾಡುವ ಅನಿಲಗಳಿಗೆ ಮಿತಿ ಹಾಕುವ ಕ್ಯೋಟೋ ಒಪ್ಪಂದದ ಗುರಿಯನ್ನು ಆಸ್ಟ್ರೇಲಿಯಾ ಮುಟ್ಟಿದೆ, ಹಾಗಿದ್ದೂ ಹವಾಮಾನ ಮಾತುಕತೆಗಳಲ್ಲಿ ಅದನ್ನು ಯಾಕೆ ಇಷ್ಟು ಟೀಕಿಸುತ್ತಾರೆ ಅಂತ ಕೇಳಿದ್ದೀರಿ. ನಾನು ಬ್ರಿಸ್ಬೇನಿನಲ್ಲಿ ಕಂಪನಿಗಳ ಕಾರ್ಬನ್ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ಗುರಿ ಮುಟ್ಟಿದ್ದು ನಿಜ. ಆದರೆ ಸುಲಭವಾಗಿ ಮುಟ್ಟುವಂಥ ಗುರಿಯನ್ನೇ ಅವರು ಮಾತುಕತೆಯಲ್ಲಿ ಬರೆಸಿಕೊಂಡಿದ್ದರು. ಬೇರೆ ದೇಶಗಳಿಗೆ ಸಿಟ್ಟಿರುವುದು ಅದರ ಮೇಲೆ.

1997ರ ಡಿಸೆಂಬರ್‌ನಲ್ಲಿ ಕ್ಯೋಟೋದಲ್ಲಿ ಯುರೋಪ್ ತನ್ನ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ ಶೇ 8ರಷ್ಟು ಇಳಿಸಲು ಒಪ್ಪಿತು, ಜಪಾನ್ ಶೇ 6. ಆಸ್ಟ್ರೇಲಿಯಾ ಪಡೆದದ್ದು ಶೇ 8ರಷ್ಟು ಏರಿಸುವ ಅವಕಾಶ! ಇಂಥ ಅವಕಾಶ ಸಿಕ್ಕಿದ್ದು ಇನ್ನು ನಾರ್ವೆ ಮತ್ತು ಐಸ್‌ಲ್ಯಾಂಡ್‌ಗೆ ಮಾತ್ರ.

ಅದಕ್ಕಿಂತ ದೊಡ್ಡದು ಕೊನೆಯ ಗಳಿಗೆಯಲ್ಲಿ ಪರಿಸರ ಸಚಿವ ರಾಬರ್ಟ್ ಹಿಲ್ ಸೇರಿಸಿದ ಒಂದು ವಾಕ್ಯ. ಅದು 3.7ನೇ ಕಲಂನಲ್ಲಿದೆ. ಇವತ್ತಿಗೂ ಅದನ್ನು 'ಆಸ್ಟ್ರೇಲಿಯಾ ಕಲಂ' ಅಂತಲೇ ಕರೆಯುತ್ತಾರೆ. 1990ರಲ್ಲಿ ಕಾಡು ಕಡಿದು ಇಂಗಾಲ ಬಿಟ್ಟ ದೇಶ ಅದನ್ನೂ ಆ ವರ್ಷದ ಲೆಕ್ಕಕ್ಕೆ ಸೇರಿಸಬೇಕು ಎನ್ನುತ್ತದೆ ಅದು. ಕೇಳಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಆಗಿದ್ದೇನು ನೋಡಿ. ಇಲ್ಲಿ ಕ್ವೀನ್ಸ್‌ಲ್ಯಾಂಡ್‌ನಲ್ಲಿ ದನ ಮೇಯಿಸಲು ಜಾಗ ಮಾಡುವುದಕ್ಕೆ ಎರಡು ಬುಲ್ಡೋಜರ್‌ಗಳ ನಡುವೆ ದಪ್ಪ ಸರಪಳಿ ಕಟ್ಟಿ ಎಳೆಯುತ್ತಿದ್ದರು. ನಡುವೆ ಸಿಕ್ಕ ಮರಗಳೆಲ್ಲ ಬುಡಸಮೇತ ಉರುಳುತ್ತಿದ್ದವು. 1990ರಲ್ಲಿ ಇದು ವಿಪರೀತವಾಗಿತ್ತು. ಒಪ್ಪಂದವಾಗುವ ಹೊತ್ತಿಗೆ ಸಾಕಷ್ಟು ಕಡಿಮೆಯಾಗಿತ್ತು. ಅಂದರೆ ತೂಕ ಇಳಿಸುವ ಪಂದ್ಯದಲ್ಲಿ ಮೊದಲ ದಿನ ಜೇಬಿನಲ್ಲಿ ಕಲ್ಲು ತುಂಬಿಕೊಂಡು ತಕ್ಕಡಿ ಹತ್ತಿದ ಹಾಗೆ. ಕಲ್ಲಿದ್ದಲು, ಪೆಟ್ರೋಲ್ ಸುಡುವುದು ಜಾಸ್ತಿಯಾಗುತ್ತ ಹೋದರೂ ಒಟ್ಟು ಲೆಕ್ಕ ಗುರಿಯೊಳಗೇ ಉಳಿಯಿತು.

ಹೀಗೆ ಹೋಲಿಕೆಗೆ ಹಿಡಿದ ಮೂಲ ವರ್ಷದ, ಅಂದರೆ 1990ರ, ಲಾಭ ಪಡೆದದ್ದು ಇವರೊಬ್ಬರೇ ಅಲ್ಲ. ಪೂರ್ವ ಜರ್ಮನಿಯ ಹಳೇ ಕಾರ್ಖಾನೆಗಳು 1990ರ ನಂತರ ಮುಚ್ಚಿದ್ದು ಯುರೋಪಿಗೂ ಅನುಕೂಲವಾಯಿತು. ಆದರೆ ಇಷ್ಟು ರಿಯಾಯಿತಿ ಪಡೆದ ಮೇಲೂ 2002ರಲ್ಲಿ ಪ್ರಧಾನಿ ಜಾನ್ ಹೊವರ್ಡ್ ಒಪ್ಪಂದ ಅನುಮೋದಿಸುವುದಿಲ್ಲ ಎಂದುಬಿಟ್ಟರು. ಇದನ್ನು ಸಮರ್ಥಿಸಲು ನನಗಂತೂ ಒಂದು ಕಾರಣವೂ ಸಿಗುವುದಿಲ್ಲ. 2007ರ ಡಿಸೆಂಬರ್‌ನಲ್ಲಿ ಕೆವಿನ್ ರಡ್ ಪ್ರಧಾನಿಯಾದ ಕೂಡಲೇ ಅನುಮೋದನೆಗೆ ಸಹಿ ಹಾಕಿದರು. ಬಾಲಿಯ ಹವಾಮಾನ ಸಮ್ಮೇಳನದಲ್ಲಿ ಆ ಸುದ್ದಿಗೆ ಭಾರೀ ಚಪ್ಪಾಳೆ ಬಿತ್ತು.

ಆಮೇಲೂ ಹಳೇ ಚಾಳಿ ಬಿಡಲಿಲ್ಲ. ಕ್ಯೋಟೋ ಗುರಿ ಬಿಟ್ಟದ್ದಕ್ಕಿಂತ ಕಡಿಮೆ ಹೊರಸೂಸಿ ಮಿಕ್ಕಿಸಿದ್ದನ್ನು, ಕ್ಯೋಟೋ ನಂತರದ ಹವಾಮಾನ ಒಪ್ಪಂದವಾದ ಪ್ಯಾರಿಸ್ ಒಪ್ಪಂದದ 2030ರ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತೇವೆ ಎಂದರು. 2019ರ ಮ್ಯಾಡ್ರಿಡ್ ಮಾತುಕತೆಯಲ್ಲಿ ಹಲವು ದೇಶಗಳು ಇದನ್ನು ವಿರೋಧಿಸಿದವು. 2020ರ ಕೊನೆಗೆ ಅದರ ಅಗತ್ಯವಿಲ್ಲ ಅಂತ ಸರ್ಕಾರವೇ ಹೇಳಿತು.

ನನ್ನನ್ನು ಜಾಸ್ತಿ ಕಾಡುವುದು ರಫ್ತಿನ ವಿಷಯ. ವಿಶ್ವಸಂಸ್ಥೆಯ ನಿಯಮದಂತೆ ಕಲ್ಲಿದ್ದಲು ಎಲ್ಲಿ ಸುಡುತ್ತದೋ ಆ ದೇಶದ ಲೆಕ್ಕಕ್ಕೆ ಹೋಗುತ್ತದೆ. ಭಾರತದ ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಬಳ್ಳಾರಿ ಕಡೆ ಕುಲುಮೆಯಲ್ಲಿ ಉರಿದರೆ ಅದು ಭಾರತದ ಖಾತೆಗೆ. ಆದ್ದರಿಂದಲೇ "ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ನಮ್ಮದು ಬರೀ ಶೇ 1ರಷ್ಟು" ಎನ್ನುವ ಮಾತು ಇಲ್ಲಿನ ರಾಜಕಾರಣಿಗಳ ಬಾಯಲ್ಲಿ ಸದಾ ಇರುತ್ತದೆ. ಗಣಿಯನ್ನೇ ನಂಬಿರುವ ಊರುಗಳಿವೆ, ಅವರ ಅಂಜಿಕೆಯೂ ಸುಳ್ಳಲ್ಲ. ಆದರೂ ಮಾರಿದವರ ಹೊಣೆ ಸೊನ್ನೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಪೆಸಿಫಿಕ್ ದ್ವೀಪಗಳಿಗೂ ಒಪ್ಪಿಗೆಯಿಲ್ಲ. 2019ರ ಆಗಸ್ಟ್‌ನಲ್ಲಿ ಸಮುದ್ರ ಏರಿ ಮುಳುಗುವ ಭಯದಲ್ಲಿರುವ ಪುಟ್ಟ ದ್ವೀಪದೇಶ ಟುವಾಲುವಿನಲ್ಲಿ ನಡೆದ ಈ ದೇಶಗಳ ಸಭೆಯಲ್ಲಿ ಕಲ್ಲಿದ್ದಲಿನ ಬಗ್ಗೆ ಕಟುವಾದ ಮಾತು ಬರೆಯಲು ಆಸ್ಟ್ರೇಲಿಯಾ ಬಿಡಲಿಲ್ಲ. ನಿಮಗೆ ನಿಮ್ಮ ಆರ್ಥಿಕತೆಯ ಚಿಂತೆ, ನನಗೆ ನನ್ನ ಜನರನ್ನು ಉಳಿಸುವ ಚಿಂತೆ ಎಂದು ಟುವಾಲು ಪ್ರಧಾನಿ ಎನೆಲೆ ಸೊಪೊಆಗಾ ಆಗಿನ ಆಸ್ಟ್ರೇಲಿಯಾ ಪ್ರಧಾನಿ ಸ್ಕಾಟ್ ಮಾರಿಸನ್‌ಗೆ ನೇರವಾಗಿ ಹೇಳಿದರು. ಈಗ ಒಂದು ಒಪ್ಪಂದದ ಪ್ರಕಾರ ಟುವಾಲುವಿನಿಂದ ವರ್ಷಕ್ಕೆ 280 ಜನರಿಗೆ ಆಸ್ಟ್ರೇಲಿಯಾ ವೀಸಾ ಕೊಡುತ್ತದೆ.

ನಿಲುವು ಬದಲಾಗಿಲ್ಲ ಎನ್ನಲಾರೆ. 2022ರಲ್ಲಿ 2030ಕ್ಕೆ ಶೇ 43ರಷ್ಟು ಇಳಿಸಬೇಕೆಂದು ಗುರಿಯನ್ನು ಏರಿಸಿ ಕಾನೂನು ಮಾಡಿದರು. 2035ಕ್ಕೆ ಶೇ 62ರಿಂದ 70 ಎಂದಿದ್ದಾರೆ. ಸುಮಾರು ಮೂರು ಮನೆಗೊಂದರ ಮೇಲೆ ಸೋಲಾರ್ ಇದೆ, ಅದು ನಿಜವಾದ ಸಾಧನೆ. ಆದರೆ ಈ ಗುರಿಗಳ ಮೂಲ ವರ್ಷ 2005, ಕಾಡಿನ ಲೆಕ್ಕ ಇಲ್ಲೂ ಸೇರಿದೆ. ಅದನ್ನು ತೆಗೆದು ನೋಡಿದರೆ ಈವರೆಗಿನ ಇಳಿಕೆ ತುಂಬಾ ಚಿಕ್ಕದು.