ಮೇಲಿನ ಮನೆಗಳ ಲೀಸಿನ ಲೆಕ್ಕ

ಪ್ರಶ್ನೆ: ಮಗನ ಕೆಲಸದ ಸಲುವಾಗಿ ಶಿವಮೊಗ್ಗದ ಮನೆ ಮಾರಿ ಬೆಂಗಳೂರಿಗೆ ಹೋಗುತ್ತಿದ್ದೇವೆ. ಅಲ್ಲಿ 30/40ರ ಸೈಟಿನಲ್ಲಿ ಕಟ್ಟಿದ ಮನೆ ನೋಡಿದ್ದೇವೆ. ಕೆಳಗೆ ನಾವಿದ್ದು, ಮೇಲಿನ ನಾಲ್ಕು ಮನೆಗಳ ಬಾಡಿಗೆಯಲ್ಲಿ ಸಾಲದ ಕಂತು ಕಟ್ಟುವ ಯೋಚನೆ. ಇಸಿ (ಆಸ್ತಿಯ ಋಣಭಾರ ಪತ್ರ) ಕ್ಲಿಯರ್ ಇದೆ. ಕೊಳ್ಳಬಹುದಾ ಮೇಡಂ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಕೊಳ್ಳಿ, ಆದರೆ ಬರೀ ಇಸಿ ನೋಡಿ ಅಡ್ವಾನ್ಸ್ ಕೊಡಬೇಡಿ. ಇಸಿಯಲ್ಲಿ ಕಾಣುವುದು ರಿಜಿಸ್ಟರ್ ಆದ ಪತ್ರಗಳು ಮಾತ್ರ. ಮೇಲಿನ ಮನೆಗಳನ್ನು ಲೀಸಿಗೆ, ಅಂದರೆ ಒಂದೇ ಸಲ ದೊಡ್ಡ ಮೊತ್ತ ಪಡೆದು ತಿಂಗಳ ಬಾಡಿಗೆಯಿಲ್ಲದೆ ಕೊಟ್ಟಿದ್ದರೆ ಅದು ಅಲ್ಲಿ ಕಾಣದೇ ಇರಬಹುದು. ಒಂದು ವರ್ಷ ಮೀರಿದ ಲೀಸನ್ನು ನೋಂದಾಯಿಸಬೇಕು ಅಂತ 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಜನ 11 ತಿಂಗಳಿಗೆ ಅಂತ ಛಾಪಾ ಕಾಗದದಲ್ಲಿ ಬರೆಸಿ ಮುಗಿಸುತ್ತಾರೆ. ಬ್ಯಾಂಕಿನಲ್ಲಿ ಮನೆ ಸಾಲ ನೋಡುತ್ತಿದ್ದಾಗ ಇಂಥ ಎಷ್ಟೋ ಕಾಗದ ನನ್ನ ಟೇಬಲ್ಲಿಗೆ ತಡವಾಗಿ ಬಂದಿವೆ.

ಬ್ರೋಕರ್ ‘ಇಷ್ಟು ಬಾಡಿಗೆ ಬರುತ್ತೆ ಸಾರ್’ ಅನ್ನುತ್ತಾರೆ, ಅಲ್ವಾ? ಎರಡು ಮನೆ ಲೀಸಿಗೆ ಹೋಗಿದ್ದರೆ ಅವುಗಳಿಂದ ತಿಂಗಳಿಗೆ ಒಂದು ರೂಪಾಯಿಯೂ ಬರಲ್ಲ. ಲೀಸಿನ ಲಕ್ಷಗಳನ್ನು ಓನರ್ ಖರ್ಚು ಮಾಡಿರುತ್ತಾರೆ. ಅವಧಿ ಮುಗಿದಾಗ ಬಾಡಿಗೆದಾರರು ಕೇಳುವುದು ನಿಮ್ಮನ್ನೇ. ದುಡ್ಡು ಕೈಗೆ ಬರದೆ ಅವರು ಖಾಲಿ ಮಾಡುವುದೂ ಇಲ್ಲ, ತಪ್ಪೂ ಅವರದಲ್ಲ.

ಹಾಗಾಗಿ ಒಂದು ಭಾನುವಾರ ಬ್ರೋಕರ್ ಇಲ್ಲದೆ ಹೋಗಿ. ಪ್ರತಿ ಮನೆಯ ಬಾಗಿಲು ತಟ್ಟಿ. ಬಾಡಿಗೆಯಾ, ಲೀಸಾ, ಎಷ್ಟು ಕೊಟ್ಟಿದ್ದೀರಿ, ಯಾವಾಗ ಮುಗಿಯುತ್ತೆ ಅಂತ ಕೇಳಿ, ಅಗ್ರಿಮೆಂಟಿನ ಜೆರಾಕ್ಸ್ ತನ್ನಿ. ಆ ಮೊತ್ತ, ಬಾಡಿಗೆಯ ಅಡ್ವಾನ್ಸ್ ಸಮೇತ, ಮನೆ ಬೆಲೆಯಲ್ಲಿ ಕಡಿತವಾಗಬೇಕು. ಕ್ರಯದ ಕರಾರಿನಲ್ಲಿ ಬಾಡಿಗೆದಾರರ ಹೆಸರು, ಮೊತ್ತ ಬರೆಸಿ, ಅವರ ಸಹಿಯನ್ನೂ ಹಾಕಿಸಿ.

ಹಾಗೇ ಕೆಳಗಿನ ಬೆಸ್ಕಾಂ ಮೀಟರುಗಳನ್ನು ಎಣಿಸಿ. ಐದು ಮನೆಗೆ ಮೂರೇ ಮೀಟರಿದ್ದರೆ ತಿಂಗಳು ತಿಂಗಳೂ ಜಗಳ ನಿಮ್ಮ ಹೊಸಿಲಿಗೇ ಬರುತ್ತದೆ. ಟೆರೇಸಿನ ಮೇಲೆ ಶೀಟ್ ಹೊದಿಸಿದ ರೂಮಿದ್ದರೆ ಮಂಜೂರಾದ ಪ್ಲಾನಿನಲ್ಲಿ ಇದೆಯಾ ನೋಡಿ. ಪ್ಲಾನಿನಲ್ಲಿ ಇಲ್ಲದ್ದಕ್ಕೆ ಬ್ಯಾಂಕು ಬೆಲೆ ಕಟ್ಟುವುದು ಕಷ್ಟ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಅಂತೂ ಬೇಕೇ ಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲೇ 1% ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಕೆಲಸ.

ಇನ್ನೊಂದು. ನೀವಿರಬೇಕಾದ ಕೆಳಗಿನ ಮನೆಯಲ್ಲಿ ಈಗ ಯಾರಿದ್ದಾರೆ ಅಂತ ಬರೆದೇ ಇಲ್ಲ. ಅದು ಖಾಲಿಯಾಗದೆ ರಿಜಿಸ್ಟರ್ ಮಾಡಿಸಬೇಡಿ.