ಚಿಮಣಿ ಎತ್ತರವಿದ್ದರೆ ಸಾಕೇ?

ಪ್ರಶ್ನೆ: ಹಳೆಯ ಬ್ಯಾಟರಿಗಳಿಂದ ಸೀಸ ಕರಗಿಸಿ ತೆಗೆಯುವ ಕಾರ್ಖಾನೆಯೊಂದು ನಮ್ಮೂರ ಹತ್ತಿರ ಬರುತ್ತದಂತೆ. ಮುಂದಿನ ತಿಂಗಳು ಸಾರ್ವಜನಿಕ ಅಹವಾಲು ಸಭೆಯಿದೆ. ಚಿಮಣಿ ಎತ್ತರವಾಗಿರುವುದರಿಂದ ಹೊಗೆ ಊರಿಗೆ ತಾಗುವುದಿಲ್ಲ ಎನ್ನುತ್ತಿದ್ದಾರೆ. ನನಗೆ ಎರಡು ವರ್ಷದ ಮಗಳಿದ್ದಾಳೆ, ಈಗ ಮತ್ತೆ ಬಸುರಿ. ಮಾಸ್ಕ್ ಹಾಕಿಕೊಂಡರೆ ಸಾಕೇ, ಡಾಕ್ಟರೇ? ಸಭೆಯಲ್ಲಿ ಏನು ಕೇಳಬೇಕು?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಮಾಸ್ಕಿನ ಮಾತು ಬಿಡಿ, ತಾಯಿ. ಪುಟ್ಟ ಮಕ್ಕಳಿಗೆ ಸೀಸ ಸೇರುವುದು ಮೂಗಿಗಿಂತ ಹೆಚ್ಚಾಗಿ ಬಾಯಿಯಿಂದ. ಅಂಗಳದ ಮಣ್ಣಿನಲ್ಲಿ ಆಡಿದ ಕೈ ನೇರ ಬಾಯಿಗೆ ಹೋಗುತ್ತದೆ. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ, ಶೇಂಗಾದ ಮೇಲೂ ಧೂಳು ಕೂರುತ್ತದೆ. ಕಾರ್ಖಾನೆಯಲ್ಲಿ ದುಡಿದು ಬಂದವರು ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಂಡರೂ ಸಾಕು. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ರಕ್ತಹೀನತೆ ಇದ್ದರಂತೂ ಇನ್ನೂ ಹೆಚ್ಚು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ದಯವಿಟ್ಟು ಡಬ್ಬಿಯಲ್ಲಿ ಕೂಡಿಡಬೇಡಿ, ನುಂಗಿ.

ಇನ್ನು ಚಿಮಣಿ. ಎತ್ತರ ಹೆಚ್ಚಿದರೆ ಧೂಳು ಮಾಯವಾಗುವುದಿಲ್ಲ, ದೂರದವರೆಗೂ ಹಂಚಿಕೆಯಾಗುತ್ತದೆ. ಅದೂ ಅಲ್ಲದೆ ಎಲ್ಲ ಧೂಳೂ ಚಿಮಣಿಯಿಂದಲೇ ಬರುವುದಿಲ್ಲ. ಬ್ಯಾಟರಿ ಒಡೆಯುವ ಜಾಗ, ಕುಲುಮೆಯ ಬಾಯಿ, ಸೀಸ ಕರಗಿಸಿದ ಮೇಲೆ ಉಳಿದು ಬಯಲಿನಲ್ಲಿ ಸುರಿದ ಕಿಟ್ಟ, ಲಾರಿಯ ಚಕ್ರ ಎಲ್ಲವೂ ನೆಲಮಟ್ಟದಲ್ಲೇ ಇವೆ. ಆಸ್ಟ್ರೇಲಿಯಾದ ಪೋರ್ಟ್ ಪಿರಿ ಪಟ್ಟಣದಲ್ಲಿ 1889ರಿಂದ ಸೀಸದ ಕುಲುಮೆ ಉರಿಯುತ್ತಿದೆ. ಅಲ್ಲಿ 1979ರಲ್ಲಿ 205 ಮೀಟರ್ ಎತ್ತರದ ಚಿಮಣಿ ಕಟ್ಟಿದರು. ಅದೇ ವರ್ಷದಿಂದ ಅಲ್ಲಿ ಹುಟ್ಟಿದ ಮಕ್ಕಳನ್ನು ಗಮನಿಸುತ್ತಾ ಬಂದ ಸಂಶೋಧಕರಿಗೆ, ರಕ್ತದಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಕಂಡಿತು. ಚಿಮಣಿ ಎದ್ದು ದಶಕಗಳಾದ ಮೇಲೂ ಆ ಊರಿನಲ್ಲಿ ಮಕ್ಕಳ ರಕ್ತಪರೀಕ್ಷೆ ನಿಂತಿಲ್ಲ. ಸಭೆಯಲ್ಲಿ ಈ ಊರಿನ ಹೆಸರು ಎತ್ತಿ, ಏನೆನ್ನುತ್ತಾರೋ ನೋಡಿ.

ನೀವು ಪಟ್ಟುಹಿಡಿದು ಕೇಳಬೇಕಾದದ್ದು ಒಂದೇ: ಅಡಿಗಲ್ಲು ಬೀಳುವ ಮುಂಚೆ ಊರಿನ ಐದು ವರ್ಷದೊಳಗಿನ ಎಲ್ಲ ಮಕ್ಕಳ ಮತ್ತು ಬಸುರಿಯರ ರಕ್ತದಲ್ಲಿನ ಸೀಸ ಅಳೆಯಬೇಕು. ಅಂಗಳದ ಮಣ್ಣು, ಕೊಳವೆಬಾವಿಯ ನೀರನ್ನೂ ಪರೀಕ್ಷಿಸಬೇಕು. ಇಂದಿನ ಲೆಕ್ಕ ಇಲ್ಲದಿದ್ದರೆ ನಾಳೆ ‘ಇದು ನಿಮ್ಮಲ್ಲಿ ಮೊದಲೇ ಇತ್ತು’ ಎಂದು ಕೈ ತೊಳೆದುಕೊಳ್ಳುತ್ತಾರೆ. ರಕ್ತವನ್ನು ತೋಳಿನ ನರದಿಂದಲೇ ತೆಗೆಯಲಿ; ಬೆರಳು ಚುಚ್ಚಿದರೆ ಚರ್ಮದ ಮೇಲಿನ ಧೂಳೂ ಸೇರಿ ಲೆಕ್ಕ ತಪ್ಪುತ್ತದೆ. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ಕ್ರಮ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ ಎಂದು ಅರ್ಥವಲ್ಲ.

2006ರ ಪರಿಸರ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಿಸಬೇಕು, ಕಾರ್ಖಾನೆಯಿಂದ ಪರಿಸರಕ್ಕೆ ಏನಾಗುತ್ತದೆಂದು ತಿಳಿಸುವ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಓದಿಕೊಳ್ಳಿ. ಹೇಳುವುದನ್ನು ಬರೆದೂ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯಲ್ಲಿ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಲೇಬೇಕು. ಊಟದ ಪೊಟ್ಟಣ ಬಂತೆಂದು ನಡುವೆ ಎದ್ದು ಹೋಗದೆ, ನಿಮ್ಮ ಬೇಡಿಕೆ ಅದರಲ್ಲಿ ಸೇರಿದೆಯೇ ಎಂದು ಕೇಳಿಸಿಕೊಂಡೇ ಏಳಿ.