ಸಹಿ ಹಾಕಿದವರೆಲ್ಲ ಸಭೆಗೆ ಬಂದವರಲ್ಲ

ಪ್ರಶ್ನೆ: ಕಾಡಿನ ಹಕ್ಕಿನ ಅರ್ಜಿಗಳನ್ನು ಪರಿಶೀಲಿಸಲು ಗ್ರಾಮಸಭೆ ಆರಿಸಿದ ನಮ್ಮ ಅರಣ್ಯ ಹಕ್ಕು ಸಮಿತಿಯ 15 ಸದಸ್ಯರಲ್ಲಿ ಐವರು ಮಹಿಳೆಯರು. ಗ್ರಾಮಸಭೆಗೆ ಅವರೂ ಬರುವುದಿಲ್ಲ, ಊರಿನ ಉಳಿದ ಹೆಂಗಸರೂ ಬರುವುದಿಲ್ಲ. ಮನೆಗೆ ಸಭೆಯ ಠರಾವು ಪುಸ್ತಕ ಕಳುಹಿಸಿ ಸಹಿ ಹಾಕಿಸುತ್ತೇವೆ. ಅವರಿಗೇ ಆಸಕ್ತಿ ಇಲ್ಲದಿದ್ದರೆ ನಾವೇನು ಮಾಡಬೇಕು?

ಉತ್ತರ: ಮೊದಲು ಆ ಪುಸ್ತಕವನ್ನು ಮನೆಮನೆಗೆ ಕಳುಹಿಸುವುದನ್ನು ನಿಲ್ಲಿಸಿ. ಅರಣ್ಯ ಹಕ್ಕು ಕಾಯ್ದೆಯಡಿ 2012ರಲ್ಲಿ ತಿದ್ದುಪಡಿಯಾದ ನಿಯಮದಂತೆ ಗ್ರಾಮಸಭೆಯ ಅರ್ಧದಷ್ಟಾದರೂ ಸದಸ್ಯರು ಸೇರಬೇಕು, ಹಾಜರಿದ್ದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಹಾಜರಿದ್ದವರಲ್ಲಿ ಎಂದರೆ ಸಭೆಯಲ್ಲಿ ಕುಳಿತವರಲ್ಲಿ. ನಾಳೆ ಯಾರಾದರೂ ನಿಮ್ಮ ಠರಾವನ್ನು ಪ್ರಶ್ನಿಸಿದರೆ ಇಡೀ ಊರಿನ ಅರ್ಜಿ ತೊಡಕಿಗೆ ಸಿಕ್ಕಿಕೊಳ್ಳುತ್ತದೆ.

'ಆಸಕ್ತಿ ಇಲ್ಲ' ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಸಭೆ ಎಷ್ಟು ಗಂಟೆಗೆ, ಎಲ್ಲಿ ಎಂದು ವಿಚಾರಿಸಿದರೆ, ಸಂಜೆ ಏಳಕ್ಕೆ, ದೂರದ ಪಂಚಾಯಿತಿ ಕಚೇರಿಯಲ್ಲಿ ಎನ್ನುತ್ತಾರೆ. ಅದು ಒಲೆ ಹೊತ್ತಿಸುವ ಸಮಯ.

ಇಂಥ ಒಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಕಾಡು ಚಿಗುರಲಿ ಎಂದು ಮೂರು ವರ್ಷ ಸೌದೆ ತರುವುದನ್ನು ನಿಷೇಧಿಸಲಾಯಿತು. ಸೌದೆ ಹೊರುವವರು ಅಲ್ಲಿರಲಿಲ್ಲ. ಆ ಹೆಂಗಸರು ಪಕ್ಕದ ಊರಿನ ಕಾಡಿಗೆ ಹೋಗಿ ಕಳ್ಳಿಯರೆನಿಸಿಕೊಂಡರು. ಎಲ್ಲಿ ಒಣಗಿದ ಕಟ್ಟಿಗೆ ಆಯಬಹುದು, ಎಲ್ಲಿ ಕೈಹಾಕಬಾರದು ಎಂದು ಅವರನ್ನು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತಿತ್ತು. ಗುಜರಾತ್ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್, ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರು ಹೆಚ್ಚಿದ್ದ ಕಡೆ ಕಾಡಿನ ಸ್ಥಿತಿ ಉತ್ತಮವಾಗಿದ್ದುದನ್ನು ಕಂಡಿದ್ದಾರೆ.

ಸಭೆಯನ್ನು ನಿಮ್ಮ ಹಾಡಿಯಲ್ಲೇ, ಅಂದರೆ ಜನ ವಾಸಿಸುವ ಕಡೆಯೇ ಇಡಿ, ಹೊತ್ತನ್ನು ಹೆಂಗಸರೇ ಗೊತ್ತುಮಾಡಲಿ. ಹಿಂದಿನ ದಿನ ಅವರಷ್ಟೇ ಸೇರಿ ಮಾತನಾಡಿಕೊಳ್ಳಲಿ. ಠರಾವನ್ನು ಗಟ್ಟಿಯಾಗಿ ಓದಿದ ಮೇಲೆಯೇ ಸಹಿ. ಅಧ್ಯಕ್ಷೆ ಎಂದು ಹಾರ ಹಾಕಿ ಕೂರಿಸುವುದಕ್ಕಿಂತ ನಿಜವಾದ ಅಧಿಕಾರ ಕೊಡಿ. ನೆಲ್ಲಿಕಾಯಿ, ಸೀಗೆಕಾಯಿ, ಜೇನಿನಂಥ ಕಿರು ಅರಣ್ಯ ಉತ್ಪನ್ನಗಳ ಸಾಗಣೆ ರಹದಾರಿಯನ್ನು (ಪರವಾನಗಿಯನ್ನು) ಗ್ರಾಮಸಭೆ ರಚಿಸಿದ ಸಮಿತಿಯೋ, ಗ್ರಾಮಸಭೆ ಅಧಿಕಾರ ಕೊಟ್ಟ ವ್ಯಕ್ತಿಯೋ ನೀಡಬಹುದು. ಆ ರಹದಾರಿ ಪುಸ್ತಕ ಹೆಂಗಸರ ಕೈಯಲ್ಲಿರಲಿ, ವ್ಯಾಪಾರಿ ಅವರ ಅಂಗಳಕ್ಕೆ ಬರಲಿ. ಆದರೆ ಒಬ್ಬರನ್ನೇ ಮುಂದೆ ನಿಲ್ಲಿಸಬೇಡಿ. ಒತ್ತಡ, ಬೆದರಿಕೆ ಎರಡನ್ನೂ ನೋಡಿದ್ದೇನೆ. ಕನಿಷ್ಠ ಇಬ್ಬರಿರಲಿ.

ಪ್ರಶ್ನೆ: ಹಕ್ಕುಪತ್ರದಲ್ಲಿ ಹೆಂಡತಿಯ ಹೆಸರು ಸೇರಿಸಲೇಬೇಕೇ?

ಉತ್ತರ: 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(4) ಓದಿ. ವಿವಾಹಿತರಾದರೆ ಜಂಟಿ ಹೆಸರು. ಇದು ನಿಮ್ಮ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ.

ಪ್ರಶ್ನೆ: ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸಮುದಾಯ ಹಕ್ಕು ಸಿಗುವುದೇ ಇಲ್ಲವಂತೆ, ಹೌದೇ?

ಉತ್ತರ: ಸುಳ್ಳು. ಬಿಳಿಗಿರಿರಂಗನ ಬೆಟ್ಟವೂ ಹುಲಿ ಸಂರಕ್ಷಿತ ಪ್ರದೇಶವೇ, ಅಲ್ಲಿನ ಸೋಲಿಗ ಆದಿವಾಸಿಗಳಿಗೆ 2011ರಲ್ಲೇ ಸಿಕ್ಕಿದೆ.

ಪ್ರಶ್ನೆ: ನಾನು ವಿಧವೆ. ಹಕ್ಕುಪತ್ರ ಮಾಡಿಸಿಕೊಡಲು ಒಬ್ಬರು ಐದು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಕೊಡಬೇಡಿ, ತಾಯಿ. ಅರ್ಜಿ ನಮೂನೆ ಉಚಿತ, ಮನೆಯ ಯಜಮಾನಿಯಾಗಿ ನಿಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದು. ಇಂಥ ದಲ್ಲಾಳಿಗಳಿಗೆ ಹಕ್ಕು ಕೊಡಿಸುವ ಯಾವ ಅಧಿಕಾರವೂ ಇಲ್ಲ. ಅರ್ಜಿಯನ್ನು ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ಪತ್ರ ಪಡೆಯಿರಿ. ಹಣ ಕೇಳಿದವರ ಹೆಸರನ್ನು ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳಿ. ಒಬ್ಬರೇ ಹೋಗಬೇಡಿ, ನೆರೆಮನೆಯವರನ್ನು ಜೊತೆಗೆ ಕರೆದುಕೊಳ್ಳಿ.